ತೊಳೆದ ನಾಲ್ಕನೇ ದಿನ: ಕಲಬುರಗಿಯ ಒಂದು ಮನೆಯ ಅಕ್ವೇರಿಯಂ ಪ್ರಕರಣ

ಏಪ್ರಿಲ್ 20, 2025. ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಜೇವರ್ಗಿ ರಸ್ತೆಯ ಕಡೆಯ ಒಂದು ಬಡಾವಣೆಯಲ್ಲಿ ನಾಯಿ ಕೂಡ ಹೊರಗೆ ಕಾಣದ ಹೊತ್ತು. ನನ್ನನ್ನು ಕರೆಸಿದ್ದವರು ಹೈಸ್ಕೂಲಿನಲ್ಲಿ ಗಣಿತ ಹೇಳುವ ಅಕ್ಕೋರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: “ಸರ್, ಒಂದೂವರೆ ತಿಂಗಳದಾಗ ಐದು ಮೀನು ಸತ್ತಾವ್ರಿ. ತಿಕ್ಕಿ ತಿಕ್ಕಿ ತೊಳಿಲತ್ತೀನಿ, ಆದ್ರೂ ಸಾಯೋದು ನಿಲ್ಲವಲ್ಲದು.”

ನಾನು ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಸಹಾಯಕನಾಗಿದ್ದು ನಿವೃತ್ತನಾದವನು. ಮನೆಯಲ್ಲಿ ಇಪ್ಪತ್ತು ವರ್ಷದಿಂದ ಮೀನು ಸಾಕಿದ್ದೇನೆ. ಪಶುವೈದ್ಯನಲ್ಲ. ಪರಿಚಯದವರ ಟ್ಯಾಂಕ್ ಕೆಟ್ಟಿತು ಅಂದರೆ ಟೆಸ್ಟ್ ಕಿಟ್ ಚೀಲಕ್ಕೆ ಹಾಕಿಕೊಂಡು ಹೊರಡುವುದು ಒಂದು ಚಟ, ಅಷ್ಟೇ. ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಕಾರಣವಿದೆ. ಆ ಮನೆಯವರು ಐದು ತಿಂಗಳು ಟ್ಯಾಂಕಿನ ಕಡೆ ಸರಿಯಾಗಿ ನೋಡಿರಲೂ ಇಲ್ಲ. ಆಗ ಮೀನು ಗಟ್ಟಿಯಾಗಿದ್ದವು. ಆರೈಕೆ ಶುರುವಾದ ಮೇಲೆ ಸಾಯತೊಡಗಿದವು.

ಕಂಡದ್ದು

ಗಾಜಿನ ಪೆಟ್ಟಿಗೆ 24 ಇಂಚು ಉದ್ದ, 12 ಅಗಲ, 15 ಎತ್ತರ. ನೀರು 13 ಇಂಚಿನವರೆಗೆ, ಅಂದರೆ ಸುಮಾರು 60 ಲೀಟರ್. ಪಡುವಣ ಕಿಟಕಿಯ ಪಕ್ಕದಲ್ಲೇ ಇಟ್ಟಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ನೇರ ಗಾಜಿಗೇ ಬಡಿಯುತ್ತಿತ್ತು. ಏರ್ ಪಂಪಿಗೆ ಜೋಡಿಸಿದ ಒಂದು ಸ್ಪಾಂಜ್ ಫಿಲ್ಟರ್, ಬಣ್ಣದ ಹರಳು, ಪ್ಲಾಸ್ಟಿಕ್ ಗಿಡ, ಅಕ್ಕೋರ ಎಂಟನೇ ಕ್ಲಾಸಿನ ಮಗ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ತುಣುಕು ಜೋಡಿಸಿ ಕಟ್ಟಿದ ಒಂದು ಗುಹೆ. ಗಾಜು ಎಷ್ಟು ಸ್ವಚ್ಛವೆಂದರೆ ನೀರು ಇದೆಯೋ ಇಲ್ಲವೋ ಎಂದು ಬೆರಳು ಅದ್ದಿ ನೋಡಬೇಕು.

ಒಳಗೆ ಉಳಿದದ್ದು ಮೂರು ಗೋಲ್ಡ್ ಫಿಶ್, ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಒಂದು ಸಕರ್ ಮೀನು. ಮೂರೂ ಗೋಲ್ಡ್ ಫಿಶ್ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದ್ದವು. ಕಿವಿರಿನ ಮುಚ್ಚಳ ಬಡಬಡನೆ ಬಡಿದುಕೊಳ್ಳುತ್ತಿತ್ತು. ತಲೆಯ ಮೇಲೆ ಟೊಪ್ಪಿಗೆಯಂತೆ ಗಡ್ಡೆ ಇರುವ ಒರಾಂಡಾ ಜಾತಿಯದಕ್ಕೆ ಬಾಲದಲ್ಲಿ ಕೆಂಪು ಗೆರೆ ಎದ್ದಿದ್ದವು. ಸಕರ್ ಮಾತ್ರ ತಳದಲ್ಲಿ ಬಿದ್ದುಕೊಂಡು, ಆಗೊಮ್ಮೆ ಈಗೊಮ್ಮೆ ಸರ್ರನೆ ಮೇಲೆ ಬಂದು ಗಾಳಿ ನುಂಗಿ ಹೋಗುತ್ತಿತ್ತು. ಅದು ಹೊಟ್ಟೆಯಿಂದಲೂ ಗಾಳಿ ಹೀರಬಲ್ಲ ಜಾತಿ, ಹಾಗಾಗಿ ಇಂಥ ಕಡೆ ಕೊನೆಯವರೆಗೆ ಉಳಿಯುವುದು ಅದೇ.

ಇನ್ನೊಂದು ಕಣ್ಣಿಗೆ ಬಿತ್ತು. ಗಾಜಿನ ಮೂಲೆಗಳ ಸಿಲಿಕೋನ್ ಅಂಟು ತಿಳಿ ನೀಲಿಯಾಗಿತ್ತು.

“ನೀಲಿ ಔಷಧ ಎಷ್ಟು ಸಲ ಹಾಕೀರಿ ಅಕ್ಕೋರೆ?”

ಅವರು ಮಗನ ಮುಖ ನೋಡಿದರು. “ನಿಮಗ್ಯಾರ್ ಹೇಳಿದ್ರಿ ಸರ್?”

ಮೆಥಿಲೀನ್ ಬ್ಲೂ ಎಲ್ಲಿ ಹೋದರೂ ಗುರುತು ಬಿಟ್ಟು ಹೋಗುತ್ತದೆ. ನೀರು ನಾಲ್ಕು ಸಲ ಬದಲಿಸಿದರೂ ಸಿಲಿಕೋನ್ ಅದನ್ನು ಮರೆಯುವುದಿಲ್ಲ.

ಅಡುಗೆಮನೆಯ ಕ್ಯಾಲೆಂಡರ್

ಸಾಮಾನ್ಯವಾಗಿ ಇಂಥ ಮನೆಗಳಲ್ಲಿ ನನಗೆ ಸಿಗುವ ಇತಿಹಾಸ ಅಂದರೆ “ಮೊನ್ನೆ ಮೊನ್ನೆ ತನಕ ಚೊಲೋ ಇದ್ವು” ಎಂಬುದಷ್ಟೇ. ಇಲ್ಲಿ ಅದೃಷ್ಟ ನನ್ನ ಕಡೆ ಇತ್ತು. ಗಣಿತದ ಅಕ್ಕೋರ ಮನೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಬಂದ ದಿನ, ನಳ ಬಂದ ದಿನ, ಹಾಲಿನವನ ಲೆಕ್ಕ ಎಲ್ಲ ಇತ್ತು. ಟ್ಯಾಂಕ್ ತೊಳೆದ ದಿನಕ್ಕೆ ಅಕ್ಕೋರು ಕೆಂಪು ಸುತ್ತು ಹಾಕಿದ್ದರು. ಮೀನು ಸತ್ತ ದಿನ ಹುಡುಗ ಸಣ್ಣ ಮೀನು ಬರೆದು ಅಡ್ಡಗೀಟು ಎಳೆದಿದ್ದ.

ತೊಳೆದದ್ದು ಮಾರ್ಚ್ 9, ಸತ್ತದ್ದು 13. ತೊಳೆದದ್ದು 16, ಸತ್ತದ್ದು 19, ಶರಣಬಸವೇಶ್ವರ ಜಾತ್ರೆಯ ವಾರ. ಯುಗಾದಿಯೆಂದು ಮಾರ್ಚ್ 29ಕ್ಕೆ ಮನೆಯ ಜೊತೆ ಟ್ಯಾಂಕನ್ನೂ ತೊಳೆದರು. ಏಪ್ರಿಲ್ 2ಕ್ಕೆ ಮೂರನೆಯದು ಹೋಯಿತು. ಏಪ್ರಿಲ್ 12ಕ್ಕೆ ಮತ್ತೆ ತೊಳೆದು, 13ಕ್ಕೆ ಹೊಸ ಎರಡು ತಂದು ಬಿಟ್ಟರು. 15ಕ್ಕೆ ಒಂದು, 16ಕ್ಕೆ ಒಂದು. ಅದೇ 16ರ ಸಂಜೆ ಮತ್ತೆ ತೊಳೆದರು.

ಪೆನ್ಸಿಲ್ ಹಿಡಿದು ಎರಡರ ನಡುವಿನ ದಿನ ಎಣಿಸಿದೆ. ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು. ನಾನು ಹೋದದ್ದೂ ತೊಳೆದ ನಾಲ್ಕನೇ ದಿನವೇ.

ಮಾರ್ಚ್ 9ರ ಹಿಂದೆ ಕೆಂಪು ಸುತ್ತು ಒಂದೂ ಇರಲಿಲ್ಲ. ದಸರಾದಲ್ಲಿ ಎರಡು ಮೀನು, ದೀಪಾವಳಿಗೆ ಎರಡು, ಜನವರಿಯಲ್ಲಿ ಎರಡು, ಹೀಗೆ ಆರು ಗೋಲ್ಡ್ ಫಿಶ್ ಆಗಿದ್ದವು. ಶಾಲೆಯ ಕೆಲಸದಲ್ಲಿ ಅಕ್ಕೋರಿಗೆ ಪುರುಸೊತ್ತಿಲ್ಲ. ತಿಂಗಳಿಗೊಮ್ಮೆ ಎರಡು ಬಕೆಟ್ ತೆಗೆದು ಎರಡು ಬಕೆಟ್ ಹಾಕುವುದು, ಮುಗಿಯಿತು. ಸ್ಪಾಂಜ್ ಕಂದಾಗಿ ಜಿಗಿಯಾಗಿತ್ತಂತೆ. “ಅಸಹ್ಯ ಅನ್ನಿಸ್ತಿತ್ರಿ,” ಅಂದರು. ಆ ಅಸಹ್ಯವೇ ಆರು ಮೀನುಗಳನ್ನು ಸಾಕುತ್ತಿತ್ತು.

ಬಿಳಿ ಚುಕ್ಕೆ

ಹಾಗಾದರೆ ಮಾರ್ಚ್ 9ಕ್ಕೆ ಏಕಾಏಕಿ ತೊಳೆಯಬೇಕೆಂದು ಏಕೆ ಅನ್ನಿಸಿತು? ಹುಡುಗ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದ. ಮಾರ್ಚ್ 7ರದು. ಒಂದು ಮೀನಿನ ಕಿವಿರು ಮುಚ್ಚಳದ ಮೇಲೆ ರವೆಯಂಥ ಬಿಳಿ ಚುಕ್ಕೆ, ಸಾಲಾಗಿ. ಇದನ್ನೇ ಅಂಗಡಿಯವನಿಗೆ ಕಳಿಸಿದ್ದರು. “ವೈಟ್ ಸ್ಪಾಟ್ ಅದ. ಎಲ್ಲಾ ಖಾಲಿ ಮಾಡಿ ತೊಳೀರಿ, ಈ ಔಷಧ ಹಾಕ್ರಿ” ಎಂದಿದ್ದನಂತೆ. ಅಂಗಡಿಯವನನ್ನು ನಾನು ಬಯ್ಯುವುದಿಲ್ಲ. ಫೋಟೊದಲ್ಲಿ ಬಿಳಿ ಚುಕ್ಕೆ ಕಂಡರೆ ಹತ್ತರಲ್ಲಿ ಒಂಬತ್ತು ಜನ ಅದನ್ನೇ ಹೇಳುತ್ತಾರೆ.

ನಿಜವಾದ ಬಿಳಿ ಚುಕ್ಕೆ ರೋಗ ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಪರಜೀವಿಯಿಂದ ಬರುತ್ತದೆ. ಅದು ಮೀನಿನ ಮೈ, ಬಾಲ, ರೆಕ್ಕೆ ಎಲ್ಲೆಂದರಲ್ಲಿ ಉಪ್ಪು ಚೆಲ್ಲಿದ ಹಾಗೆ ಹರಡುತ್ತದೆ. ಮೀನು ಕಲ್ಲಿಗೆ, ಗಾಜಿಗೆ ಮೈ ಉಜ್ಜುತ್ತದೆ. ಒಂದರಲ್ಲಿ ಕಂಡದ್ದು ಕೆಲವು ದಿನಗಳಲ್ಲಿ ಎಲ್ಲದಕ್ಕೂ ತಗಲುತ್ತದೆ. ಈ ಫೋಟೊದಲ್ಲಿ ಮೈ ಸ್ವಚ್ಛ, ಬಾಲ ಸ್ವಚ್ಛ. ಚುಕ್ಕೆ ಇದ್ದದ್ದು ಕಿವಿರು ಮುಚ್ಚಳದ ಮೇಲೆ, ಮತ್ತು ಎದೆರೆಕ್ಕೆಯ ಮುಂದಿನ ದಪ್ಪ ಕಡ್ಡಿಯ ಮೇಲೆ ಮಾತ್ರ.

“ಇದು ಬ್ಯಾರೆ ಮೀನಿನ ಬೆನ್ನ ಹತ್ತಿತ್ತೇನೋ?” ಎಂದು ಹುಡುಗನನ್ನು ಕೇಳಿದೆ.

“ಹೌದ್ರಿ ಸರ್. ಇಡೀ ದಿನಾ ಅಟ್ಟಿಸ್ಕೊಂಡ್ ಓಡಾಡ್ತಿತ್ತು. ಇದು, ಇನ್ನೊಂದು, ಎರಡೂ.”

ಅವು ಗಂಡು. ಚಳಿ ಹೋಗಿ ನೀರು ಬೆಚ್ಚಗಾದಾಗ ಪ್ರಾಯಕ್ಕೆ ಬಂದ ಗಂಡು ಗೋಲ್ಡ್ ಫಿಶ್‌ಗೆ ಸರಿಯಾಗಿ ಈ ಎರಡು ಜಾಗದಲ್ಲಿ ಬಿಳಿ ಗುಳ್ಳೆ ಏಳುತ್ತವೆ. ಸಂತಾನದ ಕಾಲದ ಗುರುತು, ಹುಡುಗರಿಗೆ ಮೀಸೆ ಬಂದಂತೆ. ಕಾಲ ಕಳೆದಂತೆ ತಾವೇ ಹೋಗುತ್ತವೆ. ರೋಗವೇ ಇರಲಿಲ್ಲ. ಇಲ್ಲದ ರೋಗಕ್ಕೆ ಮಾಡಿದ ಚಿಕಿತ್ಸೆಯಿಂದ ಸಾವಿನ ಸಾಲು ಶುರುವಾಗಿತ್ತು. ಅಕ್ಕೋರು ಬಹಳ ಹೊತ್ತು ಆ ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ನನಗೂ ಆ ಮೌನ ಸರಿಯೆನಿಸಲಿಲ್ಲ, ನೀರು ಕೇಳಿ ಕುಡಿದೆ.

ನೀರಿನ ಲೆಕ್ಕ

ಕಿಟ್ ತೆಗೆದು ಪರೀಕ್ಷಿಸಿದೆ. ನೀರಿನ ಉಷ್ಣತೆ 33 ಡಿಗ್ರಿ. ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8.2. ಒಟ್ಟು ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ. ನೈಟ್ರೈಟ್ ಸೊನ್ನೆ.

ಈ ಕೊನೆಯ ಎರಡು ಅಂಕಿಯನ್ನು ಜೊತೆಗಿಟ್ಟು ಓದಬೇಕು. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ತಿಂದು ಬಿಟ್ಟ ಆಹಾರ ಕೊಳೆತರೂ ಅದೇ. ಸ್ಪಾಂಜಿನ, ಹರಳಿನ ಮೇಲೆ ಜಿಗಿಯಾಗಿ ಕೂತ ನೈಟ್ರೊಸೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಸ್ಪೈರಾ ಜಾತಿಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಸ್ವಲ್ಪ ಹೆಚ್ಚಿದ್ದರೂ ಮೀನು ತಡೆಯುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಎರಡೂ ಪಡೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ ಇದೆ, ನೈಟ್ರೈಟ್ ಇಲ್ಲ ಅಂದರೆ ಮೊದಲನೇ ಪಡೆಯೇ ಇಲ್ಲ. ಇರುವುದಾದರೂ ಹೇಗೆ? ಸ್ಪಾಂಜನ್ನು ಕ್ಲೋರಿನ್ ಇರುವ ನಳದ ನೀರಿನಲ್ಲಿ ಹಿಂಡಿ, ಮಾಳಿಗೆಯ ಬಿಸಿಲಿಗೆ ಒಣಗಿಸುತ್ತಿದ್ದರು. ಹರಳಿಗೆ ಕುದಿಯುವ ನೀರು. ಮೇಲೆ ನೀಲಿ ಔಷಧ, ಅದೂ ಈ ಬ್ಯಾಕ್ಟೀರಿಯಾಕ್ಕೆ ವೈರಿ. ಐದು ಸಲ ತೊಳೆದದ್ದು ಅಂದರೆ ಐದು ಸಲ ಹೊಸ ಟ್ಯಾಂಕ್ ಶುರು ಮಾಡಿದ್ದು.

ಮೂರು-ನಾಲ್ಕು ದಿನದ ಲೆಕ್ಕ ಅಕ್ಕೋರಿಗೆ ಹೇಳಿಕೊಡಬೇಕಾಗಲಿಲ್ಲ, ಅಂಕಿ ಕೊಟ್ಟೆ, ಅವರೇ ಹಾಕಿದರು. ಮೀನು ಸಾಕಣೆಯವರ ಒರಟು ಲೆಕ್ಕದಲ್ಲಿ ಒಂದು ಗ್ರಾಂ ಕಾಳು ತಿಂದರೆ ಸುಮಾರು 30 ಮಿಲಿಗ್ರಾಂ ಅಮೋನಿಯಾ ಹುಟ್ಟುತ್ತದೆ. ಆರು ಮೀನಿಗೆ ದಿನಕ್ಕೆ ಎರಡು ಗ್ರಾಂ ಹಿಡಿದರೆ 60 ಮಿಲಿಗ್ರಾಂ. 60 ಲೀಟರ್ ನೀರು. ದಿನಕ್ಕೆ ಲೀಟರಿಗೆ ಒಂದು ಮಿಲಿಗ್ರಾಂ ಏರುತ್ತ ಹೋಗುತ್ತದೆ. “ಅಂದ್ರ ನಾಲ್ಕನೇ ದಿನ ನಾಲ್ಕು,” ಅಂದರು. ಅದು ಕಾಳಿನ ಲೆಕ್ಕ ಮಾತ್ರ. ಮನೆಯ ಹಿರಿಯಾಕೆ ಆಯಿ ರೊಟ್ಟಿ ತುಣುಕು ಹಾಕುತ್ತಿದ್ದದ್ದು ಆಮೇಲೆ ಗೊತ್ತಾಯಿತು. “ಬಾಯಿ ತೆರಕೊಂಡು ಮ್ಯಾಲ ಬರ್ತಾವ, ಹಸಿವಿ ಆಗಿರ್ತದ ಅಂತ ಹಾಕ್ತೀನಪ್ಪ.” ಉಸಿರಿಗೆ ಬಂದವನ್ನು ಹಸಿವಿಗೆ ಬಂದವೆಂದು ತಿಳಿದು ಉಣ್ಣಿಸಿದ್ದು.

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಅಯಾನಿನಿಂದ ಅಂಥ ತೊಂದರೆಯಿಲ್ಲ. ಅಯಾನಾಗದ ಅಮೋನಿಯಾ ಕಿವಿರನ್ನು ಸುಡುತ್ತದೆ. ಯಾವುದು ಎಷ್ಟು ಎಂಬುದನ್ನು ಪಿಎಚ್ ಮತ್ತು ಉಷ್ಣತೆ ತೀರ್ಮಾನಿಸುತ್ತವೆ. ಪಿಎಚ್ 7, ಉಷ್ಣತೆ 20 ಡಿಗ್ರಿ ಇದ್ದರೆ ಒಟ್ಟಿನಲ್ಲಿ ಶೇ 0.4 ಮಾತ್ರ ವಿಷ. ಪಿಎಚ್ 8.2, ಉಷ್ಣತೆ 33 ಡಿಗ್ರಿ ಆದರೆ ಶೇ 13ಕ್ಕಿಂತ ಹೆಚ್ಚು. ಮೂವತ್ತು ಪಟ್ಟಿಗೂ ಮೀರಿತು. ಈ ಟ್ಯಾಂಕಿನ 2 ಮಿಲಿಗ್ರಾಂನಲ್ಲಿ ಸುಮಾರು 0.27 ವಿಷರೂಪದ್ದು, ಲೀಟರಿಗೆ 0.05 ಮಿಲಿಗ್ರಾಂ ಮುಟ್ಟಿದರೇ ಕಿವಿರಿಗೆ ಪೆಟ್ಟು ಬೀಳತೊಡಗುತ್ತದೆ. ಇದರ ಮೇಲೆ ಆಮ್ಲಜನಕದ ಬರ. 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 33 ಡಿಗ್ರಿಯ ನೀರು ಏಳರ ಆಸುಪಾಸು. ಗೋಲ್ಡ್ ಫಿಶ್ ತಂಪು ನೀರಿನ ಜೀವಿ, ಬಿಸಿ ಏರಿದಷ್ಟೂ ಅದಕ್ಕೆ ಆಮ್ಲಜನಕ ಹೆಚ್ಚು ಬೇಕು. ಬೇಕಾದದ್ದು ಏರುತ್ತದೆ, ಸಿಗುವುದು ಇಳಿಯುತ್ತದೆ. ಹೊರದೇಶದ ಪುಸ್ತಕ ನೋಡಿ ಬರೆದ ಸಲಹೆಗಳು ನಮ್ಮ ಕಲಬುರಗಿಯ ಬೇಸಿಗೆಗೆ ಅರ್ಧ ಮಾತ್ರ ಹೊಂದುವುದು ಇದಕ್ಕೇ.

ನಾನು ತಪ್ಪಿದ್ದು

ಪಿಎಚ್ 8.2 ಕಂಡೊಡನೆ ನನ್ನ ಕಣ್ಣು ಹೋದದ್ದು ಫರ್ಸಿಯ ಗುಹೆಯ ಮೇಲೆ. ಫರ್ಸಿ ಅಂದರೆ ಶಹಾಬಾದ್ ಕಲ್ಲು, ಪಿಎಚ್ ಏರಿಸಬಲ್ಲ ಸುಣ್ಣದಕಲ್ಲು. ಒಂದು ತುಣುಕು ಹೊರಗೆ ತೆಗೆದು ನಿಂಬೆರಸ ಹಿಂಡಿದೆ. ಬುರುಬುರು ನೊರೆ ಬಂತು. “ನೋಡ್ರಿ, ಕಳ್ಳ ಸಿಕ್ಕ” ಅಂದುಬಿಟ್ಟೆ. ಗುಹೆ ತೆಗೆಸಿದೆ. ಹುಡುಗನ ಮುಖ ಸಣ್ಣದಾಯಿತು.

ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. “ಸರ್, ಕಲ್ಲು ತಗದೀವಿ, ಅರ್ಧ ನೀರೂ ಬದಲ್ ಮಾಡೀವಿ. ಪಿಎಚ್ ಇನ್ನೂ 8.2 ಅದ.”

ಹುಡುಗ ಸರಿ, ನಾನು ತಪ್ಪು. ಟ್ಯಾಂಕಿಗೆ ತುಂಬುತ್ತಿದ್ದ ಅವರ ಬೋರಿನ ನೀರನ್ನು ತಂದು ಮನೆಯಲ್ಲಿ ಹಳೆಯ ಅಭ್ಯಾಸದಂತೆ, ಗಡಸುತನ ಅಳೆಯುವ ಇಡಿಟಿಎ ದ್ರಾವಣ ಹಾಕಿ ನೋಡಿದೆ, ಸೂಚಕದ ದ್ರಾಕ್ಷಿ ಕೆಂಪು ನೀಲಿಗೆ ತಿರುಗುವವರೆಗೆ. ಗಡಸುತನ ಲೀಟರಿಗೆ 480 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿಗೆ ಒಪ್ಪುವ ಮಟ್ಟ 200, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ನೆಲದಿಂದ ಬಂದ ತಕ್ಷಣ ಅದರ ಪಿಎಚ್ 7.3. ಬಕೆಟ್ಟಿನಲ್ಲಿ ಒಂದು ರಾತ್ರಿ ಏರ್ ಪಂಪ್ ಬಿಟ್ಟರೆ 8.2. ನೆಲದಡಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋದಂತೆ ಪಿಎಚ್ ಏರುತ್ತದೆ. ನಳದ ಕೆಳಗೆ ಹಿಡಿದು ಅಳೆದರೆ ಇದು ಗೊತ್ತೇ ಆಗುವುದಿಲ್ಲ. ಕುಕ್ಕರಿನ ತಳ, ಕೂಲರಿನ ಹುಲ್ಲು, ಬಚ್ಚಲಿನ ನಳದ ಬಾಯಿ, ಎಲ್ಲೆಲ್ಲೂ ಬಿಳಿ ಪೊರೆ ಕಟ್ಟುವ ನೀರಿಗೆ ಫರ್ಸಿ ಗುಹೆ ಹೊಸದಾಗಿ ಸೇರಿಸುವುದು ಏನೂ ಇಲ್ಲ. ಗುಹೆ ವಾಪಸು ಇಡಿಸಿದೆ. ಹುಡುಗ ಅದಕ್ಕೆ ಎರಡನೇ ಅಂತಸ್ತು ಕಟ್ಟಿದ.

ಗಡಸು ನೀರು ಗೋಲ್ಡ್ ಫಿಶ್‌ಗೆ ತನ್ನಷ್ಟಕ್ಕೆ ಶತ್ರುವಲ್ಲ, ಚೆನ್ನಾಗಿ ಒಗ್ಗುತ್ತದೆ. ಅಮೋನಿಯಾ ಸೊನ್ನೆ ಇರುವವರೆಗೆ 8.2 ಪಿಎಚ್ ಕೂಡ ನಡೆಯುತ್ತದೆ. ದಸರಾದಿಂದ ಫೆಬ್ರವರಿವರೆಗೆ ನಡೆದದ್ದು ಹಾಗೆಯೇ. ಪಿಎಚ್ ಇಳಿಸುವ ಸೀಸೆ ತಂದು ಸುರಿಯುವುದು ಇದಕ್ಕೆ ಉತ್ತರವಲ್ಲ. ಇಷ್ಟು ಗಡಸು ನೀರಿನಲ್ಲಿ ಅದು ಸಂಜೆ ಇಳಿದು ಬೆಳಿಗ್ಗೆ ಏರಿ ಮೀನನ್ನು ಇನ್ನಷ್ಟು ಸುಸ್ತು ಮಾಡುತ್ತದೆ.

ಮಾಡಿದ್ದು

ಮೊದಲ ದಿನ ಅರ್ಧ ನೀರು ಬದಲು. ಎರಡು ದಿನ ಪೂರ್ತಿ ಉಪವಾಸ. ಗೋಲ್ಡ್ ಫಿಶ್ ಒಂದು ವಾರ ತಿನ್ನದಿದ್ದರೂ ಸಾಯುವುದಿಲ್ಲ ಎಂದು ಆಯಿಗೆ ಮೂರು ಸಲ ಹೇಳಬೇಕಾಯಿತು. ಆಮೇಲೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ರೊಟ್ಟಿ ಬಂದ್.

ಮುಖ್ಯವಾದದ್ದು ಸ್ಪಾಂಜ್. ನನ್ನ ಮನೆಯ ಟ್ಯಾಂಕಿನಲ್ಲಿ ಎರಡು ವರ್ಷದಿಂದ ಕೂತಿದ್ದ ಕಂದು ಸ್ಪಾಂಜನ್ನು ಅದೇ ನೀರು ತುಂಬಿದ ಡಬ್ಬಿಯಲ್ಲಿಟ್ಟು ಅಂದೇ ಸಂಜೆ ತಂದು ಹಾಕಿದೆ. ಒಣಗಬಾರದು, ಬಿಸಿಲಲ್ಲಿ ಗಾಡಿಯ ಮೇಲೆ ಅರ್ಧ ಗಂಟೆ ಇಡಬಾರದು. ನಾನು ಅದನ್ನು ಟ್ಯಾಂಕಿಗೆ ಇಳಿಸುವಾಗ ಅಕ್ಕೋರು “ಇಷ್ಟು ಹೊಲಸು ಒಳಗ ಹಾಕ್ಲತ್ತೀರಲ್ರಿ!” ಅಂದರು. ಪೇಟೆಯಲ್ಲಿ ಸೀಸೆಯ ಬ್ಯಾಕ್ಟೀರಿಯಾ ಸಿಗುತ್ತದೆ. ಅಂಗಡಿಯ ಬಿಸಿಲಲ್ಲಿ ಎಷ್ಟು ದಿನ ಕೂತಿತ್ತೋ ಎಂಬ ಅನುಮಾನದಿಂದ ನಾನು ಅದನ್ನು ನಂಬುವುದಿಲ್ಲ. ಗಟ್ಟಿಮುಟ್ಟಾದ ಮೀನಿರುವ ಪರಿಚಯದವರ ಹಳೆಯ ಸ್ಪಾಂಜೇ ಮೇಲು.

ಇನ್ನು ಬಿಸಿ. ಕಿಟಕಿಯಿಂದ ಟ್ಯಾಂಕ್ ಸರಿಸಬೇಕಿತ್ತು. 60 ಲೀಟರ್ ಅಂದರೆ ನೀರೇ 60 ಕೆಜಿ. ತುಂಬಿದ ಪೆಟ್ಟಿಗೆ ಎತ್ತಿದರೆ ಅಂಟು ಬಿಡುತ್ತದೆ. ಕಾಲುಭಾಗ ನೀರು ಉಳಿಸಿ, ಮೀನನ್ನು ಬಕೆಟ್ಟಿಗೆ ಹಾಕಿ, ಒಳಗೋಡೆಗೆ ಒಯ್ದೆವು. ಮುಚ್ಚಳ ತೆಗೆದು ಸೊಳ್ಳೆ ಪರದೆಯ ತುಂಡು ಕಟ್ಟಿ, ಟೇಬಲ್ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ಓರೆಯಾಗಿ ಬಡಿಯುವ ಹಾಗೆ ಇಟ್ಟೆವು. 33 ಇದ್ದದ್ದು ನಿಧಾನಕ್ಕೆ 29ಕ್ಕೆ ಬಂತು. ಮಂಗಳೂರಿನಲ್ಲಿ ಈ ಉಪಾಯ ಇಷ್ಟು ನಡೆಯದು, ಅಲ್ಲಿನ ಗಾಳಿಯೇ ಒದ್ದೆ. ನಮ್ಮ ಒಣ ಸೆಕೆ ಇಲ್ಲಿ ಮಾತ್ರ ಉಪಕಾರಕ್ಕೆ ಬಂತು. ಐಸ್ ತುಂಡು ನೇರ ಹಾಕುವ ಪದ್ಧತಿ ಬೇಡ; ಒಮ್ಮೆಗೇ ನಾಲ್ಕೈದು ಡಿಗ್ರಿ ಇಳಿದರೆ ಅದೇ ಹೊಡೆತ.

ಫ್ಯಾನ್ ಹಾಕಿದರೆ ದಿನಕ್ಕೆ ಎರಡು ಲೀಟರ್ ಆರುತ್ತದೆ. ಆರುವುದು ನೀರು, ಲವಣ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರಿನ ನೀರೇ ಹಾಕುತ್ತ ಹೋದರೆ ಗಡಸುತನ ಏರುತ್ತಲೇ ಇರುತ್ತದೆ. ಹಾಗಾಗಿ ಆರಿದ್ದಕ್ಕೆ ಮಾತ್ರ ಕುಡಿಯುವ ಕ್ಯಾನಿನ ಆರ್‌ಒ ನೀರು. ಬದಲಿಸುವ ನೀರಿಗೆ ಬೋರಿನದು ಅರ್ಧ, ನಳದ್ದು ಅರ್ಧ. ನಳದ ನೀರಿಗೆ ಕ್ಲೋರಿನ್ ತೆಗೆಯುವ ಹನಿ. ಅದರಲ್ಲಿರುವುದು ಸೋಡಿಯಂ ಥಯೋಸಲ್ಫೇಟ್. ಮಧ್ಯಾಹ್ನ ಕರೆಂಟ್ ಹೋದಾಗ ಏರ್ ಪಂಪ್ ನಿಂತು ಸ್ಪಾಂಜ್ ಉಸಿರುಗಟ್ಟದಂತೆ ಅದನ್ನು ಇನ್ವರ್ಟರ್ ಲೈನಿಗೆ ಹಾಕಿಸಿದೆವು. ಮೂರ್ನಾಲ್ಕು ವ್ಯಾಟ್, ಇನ್ವರ್ಟರಿಗೆ ಲೆಕ್ಕಕ್ಕಿಲ್ಲ.

ಏಪ್ರಿಲ್ 23ಕ್ಕೆ ಒರಾಂಡಾ ಸತ್ತಿತು. ಅಮೋನಿಯಾ ಆಗಲೇ 0.5ಕ್ಕೆ ಇಳಿದಿತ್ತು, ಆದರೆ ಸುಟ್ಟ ಕಿವಿರು ಮರಳಲಿಲ್ಲ. ಎತ್ತಿ ನೋಡಿದಾಗ ಕಿವಿರಿನ ಎಳೆಗಳು ಅಂಟಿಕೊಂಡು ಕಂದಿದ್ದವು. ಹುಡುಗ ಕ್ಯಾಲೆಂಡರಿನಲ್ಲಿ ಆರನೇ ಮೀನು ಬರೆದ.

26ಕ್ಕೆ ನೈಟ್ರೈಟ್ 1 ಮಿಲಿಗ್ರಾಂ ತೋರಿಸಿತು. ಅಕ್ಕೋರು ಗಾಬರಿಯಾದರು, ನನಗೆ ಸಂತೋಷವಾಯಿತು: ಮೊದಲ ಪಡೆ ಕೆಲಸ ಶುರು ಮಾಡಿದೆ ಎಂದು ಅದರ ಅರ್ಥ. ನೈಟ್ರೈಟ್ ಮೀನಿನ ರಕ್ತವನ್ನು ಕಂದಾಗಿಸಿ ಆಮ್ಲಜನಕ ಒಯ್ಯದಂತೆ ಮಾಡುತ್ತದೆ. ಉಪ್ಪಿನ ಕ್ಲೋರೈಡ್ ಅದು ಕಿವಿರಿನೊಳಗೆ ನುಸುಳದಂತೆ ತಡೆಯುತ್ತದೆ. ಲೀಟರಿಗೆ ಒಂದು ಗ್ರಾಂನಂತೆ 60 ಗ್ರಾಂ ಕಲ್ಲುಪ್ಪನ್ನು ತಂಬಿಗೆಯಲ್ಲಿ ಕರಗಿಸಿ, ದಿನದಲ್ಲಿ ಮೂರು ಸಲ ಮಾಡಿ ಹಾಕಿದೆವು. ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲು. ಮೇ 8ಕ್ಕೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಎರಡು ಗೋಲ್ಡ್ ಫಿಶ್, ಒಂದು ಸಕರ್ ಉಳಿದಿದ್ದವು. 60 ಲೀಟರಿಗೆ ಅಷ್ಟೇ ಸಾಕು. ಆರು ಇದ್ದದ್ದೇ ಹೆಚ್ಚು.

ಆಯಿ ಮತ್ತು ಸಕರ್

ಐದನೆಯದು ಸತ್ತಾಗ ಆಯಿ ಅಂದಿದ್ದರಂತೆ: “ಮನಿ ಮ್ಯಾಲಿನ ಪೀಡಾ ಹೊತ್ಕೊಂಡು ಹೋದ್ವು, ಹೋಗ್ಲಿ ಬಿಡು.” ಬಹಳ ಮನೆಗಳಲ್ಲಿ ಕೇಳಿದ್ದೇನೆ ಇದನ್ನು. ಸತ್ತ ಮೀನು ಮನೆಯವರ ಗಂಡಾಂತರ ತೆಗೆದುಕೊಂಡಿತು ಎಂದರೆ ದುಃಖ ಕಡಿಮೆಯಾಗುತ್ತದೆ, ಸರಿ. ಆದರೆ ಆ ಮಾತು ಬಂದ ಮೇಲೆ ಏಕೆ ಸತ್ತಿತು ಎಂದು ಯಾರೂ ಕೇಳುವುದಿಲ್ಲ, ಮುಂದಿನ ಭಾನುವಾರ ಅಂಗಡಿಗೆ ಹೋಗಿ ಇನ್ನೆರಡು ತರುತ್ತಾರೆ. ಕ್ಯಾಲೆಂಡರಿನ ಕೆಂಪು ಸುತ್ತು ಇಲ್ಲದಿದ್ದರೆ ಇಲ್ಲೂ ಹಾಗೇ ಆಗುತ್ತಿತ್ತು.

ಎಲ್ಲ ಸರಿಯಾದ ಮೇಲೆ ಆಯಿಯದು ಇನ್ನೊಂದು ಮಾತು: ಸಕರ್ ದೊಡ್ಡದಾಗ್ಯದ, ಅಪ್ಪನ ಕೆರೆಗೆ ಬಿಟ್ಟು ಪುಣ್ಯ ಕಟ್ಕೋಳೋಣ. ಇದಕ್ಕೆ ನಾನು ಗಟ್ಟಿಯಾಗಿಯೇ ಬೇಡವೆಂದೆ. ದಕ್ಷಿಣ ಅಮೆರಿಕದ ಮೀನು ಅದು. ಮುಳ್ಳು, ಗಟ್ಟಿ ಕವಚ, ಕೊಳೆತ ನೀರಲ್ಲೂ ಬದುಕುವ ತಾಕತ್ತು. ಹೀಗೆ ಬಿಟ್ಟವೇ ದೇಶದ ಎಷ್ಟೋ ಕೆರೆಗಳಲ್ಲಿ ಬೆಳೆದು, ಊರಿನ ಮೀನಿನ ಮೊಟ್ಟೆ-ಮರಿಗೆ ಕಂಟಕವಾಗಿ, ಮೀನುಗಾರರ ಬಲೆ ಹರಿಯುತ್ತಿವೆ. ಸಾಕಲಾಗದಿದ್ದರೆ ಅಂಗಡಿಗೆ ವಾಪಸು ಕೊಡಬೇಕು. ಆಯಿಗೆ ಪುಣ್ಯದ ವಿಷಯದಲ್ಲಿ ನನ್ನ ಮಾತು ಒಪ್ಪಿಗೆಯಾಗಲಿಲ್ಲ, ಆದರೂ ಸಕರ್ ಮನೆಯಲ್ಲೇ ಉಳಿಯಿತು.

ಈಗ ಆ ಮನೆಯಲ್ಲಿ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತಾರೆ. ಹೊರತೆಗೆದ ನೀರಿನಲ್ಲೇ ಸ್ಪಾಂಜನ್ನು ಎರಡು ಸಲ ಹಿಂಡಿ ಹಾಕುತ್ತಾರೆ, ಅದೂ ತಿಂಗಳಿಗೊಮ್ಮೆ. ಆ ನೀರು ಕುಂಡದ ಮಲ್ಲಿಗೆಗೆ ಹೋಗುತ್ತದೆ. ಗಾಜು ಒಂದು ಬದಿ ಹಸಿರಾಗಿದೆ, ಅಕ್ಕೋರು ಹಲ್ಲು ಕಚ್ಚಿ ಸುಮ್ಮನಿದ್ದಾರೆ.

ಈ ಫೆಬ್ರವರಿಯಲ್ಲಿ ಅವರಿಂದ ಒಂದು ಫೋಟೊ ಬಂತು. ಕಿವಿರು ಮುಚ್ಚಳದ ಮೇಲೆ ಮತ್ತೆ ಬಿಳಿ ಗುಳ್ಳೆ. ಕೆಳಗೆ: “ಬಂದಾವ್ರಿ ಸರ್. ಏನೂ ಮಾಡಿಲ್ಲ.” ವಾರ ಬಿಟ್ಟು ಹುಡುಗನ ಫೋನು. ಉಳಿದ ಎರಡರಲ್ಲಿ ಇನ್ನೊಂದು ಹೆಣ್ಣೇ ಆಗಿತ್ತು. ಪ್ಲಾಸ್ಟಿಕ್ ಗಿಡದ ತುಂಬ ಸಾಬುದಾಣಿಯಂಥ ಮೊಟ್ಟೆ ಇಟ್ಟಿತ್ತಂತೆ. ಬೇರೆ ಬಕೆಟ್ಟಿಗೆ ತೆಗೆಯಲು ನನ್ನನ್ನು ಕೇಳುವಷ್ಟರಲ್ಲಿ ಗಂಡ, ಹೆಂಡತಿ, ಸಕರ್ ಮೂವರೂ ಸೇರಿ ಒಂದೂ ಬಿಡದೆ ತಿಂದು ಮುಗಿಸಿದ್ದರು.